ಹಳೆಯ ಕಾರಿನ ಪೆಟ್ರೋಲ್ ವಾಸನೆ ಮತ್ತು ಸಡಿಲವಾಗುವ ಹೋಸ್ ಕ್ಲಿಪ್: ಓದುಗರ ಪ್ರಶ್ನೆಗಳಿಗೆ ಉತ್ತರ

ಹಳೆಯ ಕಾರುಗಳನ್ನು ಜತನದಿಂದ ಇಟ್ಟುಕೊಂಡಿರುವ ಓದುಗರು ಬರೆಯುವ ಪತ್ರಗಳಲ್ಲಿ ಪೆಟ್ರೋಲ್ ವಾಸನೆಯ ದೂರು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ಊರು ಬೇರೆ, ಕಾರು ಬೇರೆ. ಆದರೆ ಹುಡುಕುತ್ತಾ ಹೋದರೆ ಬಹುಪಾಲು ದೂರುಗಳು ಕಿರುಬೆರಳಿನಷ್ಟು ದಪ್ಪದ ಒಂದು ರಬ್ಬರ್ ಹೋಸ್‌ನ ತುದಿಗೆ, ಅದನ್ನು ಹಿಡಿದಿಟ್ಟಿರುವ ಒಂದು ಸಣ್ಣ ಕ್ಲಿಪ್‌ನ ಬಳಿಗೆ ಬಂದು ನಿಲ್ಲುತ್ತವೆ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಇದೊಂದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನದು 1997ರ ಕಾರ್ಬುರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವ ಮಾರುತಿ 800. ಬೆಳಿಗ್ಗೆ ಶೆಡ್ಡಿನ ಬಾಗಿಲು ತೆರೆದರೆ ಪೆಟ್ರೋಲ್ ವಾಸನೆ ಬರುತ್ತದೆ. ಮೆಕ್ಯಾನಿಕ್ ಪ್ರತಿ ಸಲವೂ ಫ್ಯುಯೆಲ್ ಪಂಪಿನ ಹೋಸ್ ಕ್ಲಿಪ್ಪನ್ನು ಬಿಗಿ ಮಾಡಿ ಕಳಿಸುತ್ತಾರೆ. ಮೂರು ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಅದೇ ಕಥೆ. ಕ್ಲಿಪ್ ಯಾಕೆ ಹೀಗೆ ಸಡಿಲವಾಗುತ್ತದೆ? (ತುಮಕೂರು)

ಉತ್ತರ: ತಿರುಪು ತಾನಾಗಿಯೇ ಬಿಚ್ಚಿಕೊಳ್ಳುತ್ತಿದೆ ಎಂದು ನೀವೂ ನಿಮ್ಮ ಮೆಕ್ಯಾನಿಕ್ಕೂ ಊಹಿಸಿದ್ದೀರಿ. ಈ ಊಹೆ ಸರಿಯೇ ಎಂದು ತಿಳಿಯಲು ಸುಲಭವಾದ ದಾರಿಯಿದೆ. ಮುಂದಿನ ಸಲ ಬಿಗಿ ಮಾಡಿದ ಮೇಲೆ, ಎಂಜಿನ್ ತಣ್ಣಗಿರುವಾಗ, ತಿರುಪಿನ ತಲೆಯ ಮೇಲೂ ಅದರ ಪಕ್ಕದ ಲೋಹದ ಮೇಲೂ ಒಂದೇ ಗೆರೆಯಾಗಿ ಸ್ವಲ್ಪ ನೇಲ್ ಪಾಲಿಶ್ ಹಚ್ಚಿರಿ. ಮತ್ತೆ ವಾಸನೆ ಬಂದ ದಿನ ನೋಡಿದರೆ, ಬಹುತೇಕ ಆ ಗೆರೆ ಮುರಿಯದೆ ಇದ್ದಲ್ಲೇ ಇರುತ್ತದೆ. ಅಂದರೆ ಸಡಿಲವಾದದ್ದು ತಿರುಪಲ್ಲ, ಅದರ ಕೆಳಗಿರುವ ರಬ್ಬರ್.

ಹೊಸ ರಬ್ಬರನ್ನು ಹಿಸುಕಿದರೆ ಅದು ಹಿಂದಕ್ಕೆ ಒತ್ತುತ್ತದೆ. ಜಾಯಿಂಟ್ ಸೋರದಂತೆ ತಡೆಯುವುದು ಈ ಮರುಒತ್ತಡವೇ ಹೊರತು ಕ್ಲಿಪ್ಪಿನ ಬಲವೊಂದೇ ಅಲ್ಲ. ಬಾನೆಟ್ ಕೆಳಗಿನ ಬಿಸಿಯಲ್ಲಿ ವರ್ಷಗಟ್ಟಲೆ ಒಂದೇ ಕಡೆ ಅದುಮಿಸಿಕೊಂಡ ರಬ್ಬರ್ ನಿಧಾನವಾಗಿ ಆ ಗುಣವನ್ನು ಕಳೆದುಕೊಂಡು, ಕ್ಲಿಪ್ ಒತ್ತಿದ ಆಕಾರದಲ್ಲಿಯೇ ಗಟ್ಟಿಯಾಗಿ ಕುಳಿತುಬಿಡುತ್ತದೆ. ಇದರ ಜೊತೆಗೆ, ಎಂಜಿನ್ ಕಾದಾಗ ರಬ್ಬರ್ ಲೋಹಕ್ಕಿಂತ ಹೆಚ್ಚು ಹಿಗ್ಗಿ ಕ್ಲಿಪ್ಪಿನ ಕೆಳಗೆ ಇನ್ನಷ್ಟು ಹಿಸುಕಿಕೊಳ್ಳುತ್ತದೆ. ತಣಿದಾಗ ಕುಗ್ಗುತ್ತದೆ, ಆದರೆ ತಿರುಪಿನ ಕ್ಲಿಪ್ಪಿಗೆ ಅದರ ಹಿಂದೆ ಹೋಗುವ ಶಕ್ತಿಯಿಲ್ಲ. ಪ್ರತಿದಿನ ಹೀಗೆ ಕಾದು ತಣಿಯುವುದರ ಜೊತೆಗೆ ಎಂಜಿನ್ನಿನ ನಡುಕವೂ ಸೇರಿದರೆ, ಕಣ್ಣಿಗೆ ಕಾಣದಷ್ಟು ಸಣ್ಣ ಸಂದು ಏರ್ಪಡುತ್ತದೆ, ಮತ್ತು ಪೆಟ್ರೋಲಿಗೆ ಅಷ್ಟು ಸಾಕು.

ಹೀಗೆ ಸತ್ವ ಕಳೆದುಕೊಂಡ ರಬ್ಬರಿನ ಮೇಲೆ ಮತ್ತೆ ಮತ್ತೆ ಬಿಗಿ ಮಾಡುವುದರಿಂದ ಮೊದಲ ಒಂದೆರಡು ಸಲ ಗುಣ ಕಂಡಂತೆ ಅನಿಸುತ್ತದೆ. ಆಮೇಲೆ ಕ್ಲಿಪ್ಪಿನ ಅಂಚು ಹೋಸ್‌ನ ಮೈಯನ್ನು ಕೊಯ್ಯಲು ಶುರುಮಾಡುತ್ತದೆ, ಒಳಗಿನ ನೂಲಿನ ಪದರ ಕಾಣಿಸುತ್ತದೆ, ಕೊನೆಗೊಂದು ದಿನ ಹೋಸ್ ಸೀಳುತ್ತದೆ. ತೊಟ್ಟಿಕ್ಕುತ್ತಿದ್ದದ್ದು ಆ ದಿನ ಚಿಮ್ಮುತ್ತದೆ. ಆದ್ದರಿಂದ ನನ್ನ ಖಚಿತವಾದ ಸಲಹೆ ಇದು: ಒಂದು ಜಾಯಿಂಟನ್ನು ಎರಡನೆಯ ಸಲ ಬಿಗಿ ಮಾಡಬೇಕಾಗಿ ಬಂದರೆ ಬಿಗಿ ಮಾಡಬೇಡಿ, ಹೋಸ್ ಮತ್ತು ಅದರ ಎರಡೂ ತುದಿಯ ಕ್ಲಿಪ್‌ಗಳನ್ನು ಒಟ್ಟಿಗೆ ಬದಲಾಯಿಸಿ. ನಿಮ್ಮ ಕಾರಿನಲ್ಲಿ ಪಂಪಿಗೆ ಬರುವ ಹೋಸ್, ಪಂಪಿನಿಂದ ಕಾರ್ಬುರೇಟರಿಗೆ ಹೋಗುವ ಹೋಸ್, ಟ್ಯಾಂಕಿಗೆ ಮರಳುವ ರಿಟರ್ನ್ ಹೋಸ್, ಈ ಮೂರೂ ಒಂದೇ ವಯಸ್ಸಿನವಾಗಿರುತ್ತವೆ. ಒಂದು ಕೈಕೊಟ್ಟರೆ ಉಳಿದವುಗಳ ಸರದಿ ದೂರವಿಲ್ಲ, ಮೂರನ್ನೂ ಬದಲಾಯಿಸಿಬಿಡಿ.

ಪ್ರಶ್ನೆ: ಚಳಿಗಾಲದ ಬೆಳಿಗ್ಗೆ ಎಂಜಿನ್ ಶುರು ಮಾಡಿದಾಗ ಹೋಸ್ ತುದಿಯಲ್ಲಿ ಪೆಟ್ರೋಲ್ ಹನಿಗಟ್ಟುತ್ತದೆ, ಹತ್ತು ನಿಮಿಷ ಓಡಿಸಿದ ಮೇಲೆ ನಿಂತುಹೋಗುತ್ತದೆ. ಗ್ಯಾರೇಜಿಗೆ ಒಯ್ದಾಗ ಏನೂ ಕಾಣುವುದಿಲ್ಲವಾದ್ದರಿಂದ ನನ್ನ ಮಾತನ್ನು ನಂಬುವವರೇ ಇಲ್ಲ. (ಮಡಿಕೇರಿ)

ಉತ್ತರ: ನಿಮ್ಮ ಮಾತು ನಿಜ. ಮೇಲಿನ ಉತ್ತರದಲ್ಲಿ ಹೇಳಿದ ಹಿಗ್ಗು ಕುಗ್ಗಿನ ಸ್ಪಷ್ಟ ಉದಾಹರಣೆ ಇದು. ಚಳಿಯಲ್ಲಿ ರಬ್ಬರ್ ಕುಗ್ಗಿ ಬಿರುಸಾಗಿರುವಾಗ ಸಂದು ತೆರೆಯುತ್ತದೆ, ಕಾವು ಏರಿದಂತೆ ರಬ್ಬರ್ ಹಿಗ್ಗಿ ತಾನೇ ಮುಚ್ಚಿಕೊಳ್ಳುತ್ತದೆ. ಕಾರನ್ನು ಹಿಂದಿನ ರಾತ್ರಿಯೇ ಗ್ಯಾರೇಜಿನಲ್ಲಿ ಬಿಟ್ಟು, ಬೆಳಿಗ್ಗೆ ಅವರೇ ಮೊದಲ ಸಲ ಶುರು ಮಾಡಿ ನೋಡುವಂತೆ ಹೇಳಿ. ಅದು ಆಗದಿದ್ದರೆ, ರಾತ್ರಿ ಎಂಜಿನ್ ಪೂರ್ತಿ ತಣಿದ ಮೇಲೆ ಪ್ರತಿ ಜಾಯಿಂಟಿಗೂ ಬಿಳಿಯ ಟಿಶ್ಯೂ ಕಾಗದದ ತುಂಡನ್ನು ಸುತ್ತಿ, ಬೆಳಿಗ್ಗೆ ಟಾರ್ಚ್ ಬೆಳಕಿನಲ್ಲಿ ನೋಡಿ, ಎಂಜಿನ್ ಶುರು ಮಾಡುವ ಮುನ್ನ ಕಾಗದವನ್ನು ತೆಗೆದುಬಿಡಿ. ಪೆಟ್ರೋಲ್ ಆರಿಹೋಗಿದ್ದರೂ ಹಳದಿ ಅಥವಾ ಕಂದು ಬಣ್ಣದ ಕಲೆ ಉಳಿದಿರುತ್ತದೆ. ಹೋಸ್ ಬದಲಾಯಿಸುವಾಗ, ನಿಮ್ಮಂಥ ಚಳಿಯ ಊರಿಗೆ ಸ್ಪ್ರಿಂಗ್ ಕ್ಲಿಪ್ ಹೆಚ್ಚು ಒಳ್ಳೆಯದು. ರಬ್ಬರ್ ಕುಗ್ಗಿದರೆ ಅದೂ ಜೊತೆಗೆ ಕುಗ್ಗಿ ಹಿಡಿತ ಬಿಡುವುದಿಲ್ಲ.

ಪ್ರಶ್ನೆ: ನಮ್ಮ ತಂದೆಯವರ ಕಾಲದ 1986ರ ಅಂಬಾಸಡರ್ ಇದೆ. ಕಾರ್ಬುರೇಟರ್ ಬಳಿ ಯಾವಾಗಲೂ ಸ್ವಲ್ಪ ಜಿನುಗು ಇರುತ್ತದೆ. ‘ಪೆಟ್ರೋಲ್ ಆರಿಹೋಗುತ್ತದೆ, ಹೆದರಬೇಡಿ’ ಎಂದು ಹಳೆಯ ಡ್ರೈವರ್ ಹೇಳುತ್ತಾರೆ. ಇಷ್ಟು ಸಣ್ಣ ಜಿನುಗು ಅಪಾಯವೇ? (ಮೈಸೂರು)

ಉತ್ತರ: ಅಪಾಯವೇ. ಆರಿಹೋಗುತ್ತದೆ ಎಂಬುದರಲ್ಲಿಯೇ ಅಪಾಯವಿದೆ. ಪೆಟ್ರೋಲ್ ದ್ರವ ಉರಿಯುವುದಿಲ್ಲ, ಉರಿಯುವುದು ಅದರ ಆವಿ. ಮತ್ತು ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಸುಮಾರು ಮೈನಸ್ 40 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ ಹುಟ್ಟುತ್ತದೆ ಎಂದ ಮೇಲೆ ನಮ್ಮ ಊರಿನ ಬಿಸಿಲಿನ ಬಗ್ಗೆ ಹೇಳಬೇಕಾಗಿಯೇ ಇಲ್ಲ. ಗಾಳಿಯಲ್ಲಿ ಶೇಕಡಾ 1.4ರಷ್ಟು ಆವಿ ಸೇರಿದರೆ ಸಾಕು, ಆ ಮಿಶ್ರಣ ಹೊತ್ತಿಕೊಳ್ಳಬಲ್ಲದು. ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದ್ದರಿಂದ ಮೇಲೆದ್ದು ಚದುರಿಹೋಗದೆ ಕೆಳಗಿಳಿದು ತಗ್ಗಿನಲ್ಲಿ ನಿಲ್ಲುತ್ತದೆ. ಮುಚ್ಚಿದ ಶೆಡ್ಡು, ಅಪಾರ್ಟ್‌ಮೆಂಟಿನ ನೆಲಮಾಳಿಗೆ, ಗ್ಯಾರೇಜಿನ ಗುಂಡಿ, ಇಲ್ಲೆಲ್ಲ ಅದು ತುಂಬಿಕೊಳ್ಳುತ್ತದೆ.

ನಿಮ್ಮ ಕಾರಿನ ವಿಷಯದಲ್ಲಿ ಇನ್ನೊಂದು ಮಾತನ್ನು ಹೇಳಲೇಬೇಕು. ಬ್ರಿಟಿಷ್ ಬಿಎಂಸಿ ಬಿ-ಸರಣಿಯ ವಂಶಕ್ಕೆ ಸೇರಿದ ಅಂಬಾಸಡರ್ ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಒಳಹೋಗುವ ಮ್ಯಾನಿಫೋಲ್ಡ್ ಮತ್ತು ಹೊಗೆ ಹೊರಬರುವ ಮ್ಯಾನಿಫೋಲ್ಡ್ ಎರಡೂ ಎಂಜಿನ್ನಿನ ಒಂದೇ ಪಕ್ಕದಲ್ಲಿವೆ. ಕಾರ್ಬುರೇಟರಿನ ಹೋಸ್ ತುದಿಯಿಂದ ಬಿದ್ದ ಹನಿ ಕೆಳಗಿನ ಕಾದ ಎಗ್ಸಾಸ್ಟ್ ಮ್ಯಾನಿಫೋಲ್ಡಿನ ಕಡೆಗೇ ಇಳಿಯುತ್ತದೆ. ಆ ಬಿಸಿಯಲ್ಲಿ ಅದು ತಕ್ಷಣ ಆವಿಯಾಗುತ್ತದೆ, ಮತ್ತು ಅದೇ ಬಾನೆಟ್ಟಿನ ಕೆಳಗೆ ಡಿಸ್ಟ್ರಿಬ್ಯೂಟರ್, ಹಳೆಯ ಪ್ಲಗ್ ವಯರುಗಳು, ಸಡಿಲವಾದ ಬ್ಯಾಟರಿ ಟರ್ಮಿನಲ್, ಹೀಗೆ ಕಿಡಿ ಹುಟ್ಟುವ ಜಾಗಗಳು ಹಲವು. ಇಷ್ಟು ವರ್ಷ ಏನೂ ಆಗಿಲ್ಲ ಎಂಬುದು ನಾಳೆಗೆ ಭರವಸೆಯಲ್ಲ. ದಯವಿಟ್ಟು ಸೋರಿಕೆ ನಿಲ್ಲಿಸುವವರೆಗೆ ಆ ಕಾರನ್ನು ಓಡಿಸಬೇಡಿ, ಮುಚ್ಚಿದ ಶೆಡ್ಡಿನಲ್ಲಿಯೂ ಇಡಬೇಡಿ.

ಪ್ರಶ್ನೆ: ಬಿಡಿಭಾಗದ ಅಂಗಡಿಯಲ್ಲಿ ಮೂರು ನಾಲ್ಕು ಬಗೆಯ ಕ್ಲಿಪ್ ತೋರಿಸುತ್ತಾರೆ. ಬೆಲೆಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಪೆಟ್ರೋಲ್ ಹೋಸಿಗೆ ಯಾವುದು ಸರಿ? (ಹುಬ್ಬಳ್ಳಿ)

ಉತ್ತರ: ಒಳ್ಳೆಯ ಪ್ರಶ್ನೆ, ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮಲ್ಲಿ ಎಲ್ಲರೂ ಬಳಸುವುದು ಪಟ್ಟಿಯ ಮೇಲೆ ಸೀಳುಗಳಿದ್ದು, ತಿರುಪಿನ ಹಲ್ಲುಗಳು ಆ ಸೀಳುಗಳಲ್ಲಿ ಕೂತು ಎಳೆಯುವ ಬಗೆ. ಇಂಗ್ಲೆಂಡಿನ ನೌಕಾಪಡೆಯ ಅಧಿಕಾರಿಯಾಗಿದ್ದ ಲಮ್ಲಿ ರಾಬಿನ್‌ಸನ್ 1921ರಲ್ಲಿ ಈ ಬಗೆಯ ಕ್ಲಿಪ್ಪಿಗೆ ಪೇಟೆಂಟ್ ಪಡೆದರು. ಅವರು ಇಟ್ಟ ಜ್ಯುಬಿಲಿ ಎಂಬ ಹೆಸರು ಈಗಲೂ ನಮ್ಮ ಕೆಲವು ಗ್ಯಾರೇಜುಗಳಲ್ಲಿ ಕೇಳಿಬರುತ್ತದೆ. ರೇಡಿಯೇಟರಿನ ದಪ್ಪ ಹೋಸಿಗೆ ಇದರಂಥ ಒಳ್ಳೆಯ ಕ್ಲಿಪ್ ಇನ್ನೊಂದಿಲ್ಲ. ಆದರೆ 6 ಅಥವಾ 8 ಮಿಲಿಮೀಟರಿನ ಪೆಟ್ರೋಲ್ ಹೋಸಿಗೆ ಇದನ್ನು ಹಾಕಿದಾಗ ಎರಡು ತೊಂದರೆಗಳಿವೆ. ಅಷ್ಟು ಸಣ್ಣ ಸುತ್ತಿಗೆ ಬಾಗುವಾಗ ತಿರುಪಿನ ಗೂಡಿನ ಕೆಳಗೆ ಪಟ್ಟಿ ದುಂಡಗಿರದೆ ಚಪ್ಪಟೆಯಾಗಿ, ಆ ಜಾಗದಲ್ಲಿ ಒತ್ತಡ ಕಡಿಮೆಯಾಗುತ್ತದೆ. ಜೊತೆಗೆ ಪಟ್ಟಿಯ ಸೀಳುಗಳೊಳಗೆ ರಬ್ಬರ್ ಉಬ್ಬಿ ಕೊಯ್ದುಹೋಗುತ್ತದೆ.

ಪೆಟ್ರೋಲಿಗೆಂದೇ ಬರುವ ಕ್ಲಿಪ್ಪನ್ನು ಗುರುತಿಸುವುದು ಕಷ್ಟವಲ್ಲ. ಅದರ ಪಟ್ಟಿಯಲ್ಲಿ ಸೀಳಿರುವುದಿಲ್ಲ, ಎರಡೂ ಅಂಚುಗಳು ಹೊರಕ್ಕೆ ಮಡಚಿರುತ್ತವೆ, ಬಿಗಿ ಮಾಡಲು ಸಣ್ಣ ಬೋಲ್ಟು ಮತ್ತು ನಟ್ಟು ಇರುತ್ತದೆ. ಅಂಗಡಿಯವರು ಇದನ್ನು ಇಂಜೆಕ್ಷನ್ ಕ್ಲಿಪ್ ಎನ್ನುತ್ತಾರೆ. ಕಾರ್ಬುರೇಟರ್ ಕಾರಿಗೂ ಇದೇ ಸರಿ. ಆದರೆ ಇದು ಹಿಗ್ಗಿ ಕುಗ್ಗುವ ವ್ಯಾಪ್ತಿ ಬಹಳ ಕಡಿಮೆ, ಒಂದೆರಡು ಮಿಲಿಮೀಟರ್ ಅಷ್ಟೇ. ಆದ್ದರಿಂದ ಹೋಸ್‌ನ ಹೊರಗಿನ ಅಳತೆಯನ್ನು ಕ್ಯಾಲಿಪರಿನಲ್ಲಿ ಅಳೆದುಕೊಂಡು ಹೋಗಬೇಕು, ಇಲ್ಲವೇ ಹೋಸ್ ತುಂಡನ್ನೇ ಜೊತೆಗೆ ಒಯ್ಯಬೇಕು. ಮೂರನೆಯದು ಸ್ಪ್ರಿಂಗ್ ಕ್ಲಿಪ್, ಹಳೆಯ ಮಾರುತಿ ಕಾರುಗಳಲ್ಲಿ ಹಲವು ಕಡೆ ಕಾರ್ಖಾನೆಯಿಂದಲೇ ಬಂದಿರುವುದು. ಇಕ್ಕಳದಲ್ಲಿ ಎರಡು ಕಿವಿಗಳನ್ನು ಒತ್ತಿದರೆ ಬಿಚ್ಚಿಕೊಳ್ಳುತ್ತದೆ ಎಂಬ ಕಾರಣಕ್ಕೆ ಇದನ್ನು ಕಳಪೆ ಎಂದುಕೊಂಡು ಕಿತ್ತೆಸೆದು ತಿರುಪಿನ ಕ್ಲಿಪ್ ಹಾಕುವುದು ನಮ್ಮ ಗ್ಯಾರೇಜುಗಳ ರೂಢಿ. ಕಡಿಮೆ ಒತ್ತಡದ ಹೋಸಿಗೆ ಸರಿಯಾದ ಅಳತೆಯ ಹೊಸ ಸ್ಪ್ರಿಂಗ್ ಕ್ಲಿಪ್ಪಿನಷ್ಟು ನಂಬಿಕೆಯದು ಬೇರೆಯಿಲ್ಲ ಎಂಬುದು ನನ್ನ ಅನುಭವ. ಒಮ್ಮೆ ಹಿಗ್ಗಿಸಿ ತೆಗೆದ ಹಳೆಯದನ್ನು ಮಾತ್ರ ಮತ್ತೆ ಹಾಕಬೇಡಿ.

ಕರಾವಳಿಯ ಓದುಗರಿಗೆ ಒಂದು ಸೇರಿಕೆ: ‘ಸ್ಟೇನ್‌ಲೆಸ್’ ಎಂದು ಮಾರುವ ಹಲವು ಕ್ಲಿಪ್‌ಗಳಲ್ಲಿ ಪಟ್ಟಿ ಮಾತ್ರ ಸ್ಟೇನ್‌ಲೆಸ್ ಆಗಿರುತ್ತದೆ, ತಿರುಪು ಸತು ಲೇಪಿಸಿದ ಸಾಮಾನ್ಯ ಉಕ್ಕು. ಒಂದು ಅಯಸ್ಕಾಂತವನ್ನು ಕಿಸೆಯಲ್ಲಿ ಇಟ್ಟುಕೊಂಡು ಹೋಗಿ. ಪಟ್ಟಿಗೆ ಅಂಟದೆ ತಿರುಪಿಗೆ ಗಟ್ಟಿಯಾಗಿ ಅಂಟಿಕೊಂಡರೆ, ಉಪ್ಪಿನ ಗಾಳಿಗೆ ಮೊದಲು ಕರಗುವುದು ಆ ತಿರುಪೇ. ಇನ್ನು ಬೈಂಡಿಂಗ್ ತಂತಿ ಸುತ್ತುವುದು, ಪ್ಲಾಸ್ಟಿಕ್ ಟೈ ಹಾಕುವುದು, ಜಾಯಿಂಟಿಗೆ ಎಂ-ಸೀಲ್ ಮೆತ್ತುವುದು, ಇವುಗಳ ಬಗ್ಗೆಯೂ ಕೆಲವರು ಕೇಳಿದ್ದಾರೆ. ತಂತಿ ರಬ್ಬರನ್ನು ಕೊಯ್ಯುತ್ತದೆ, ಪ್ಲಾಸ್ಟಿಕ್ ಬಿಸಿಗೆ ಸೋಲುತ್ತದೆ, ಮೆತ್ತಿದ ಅಂಟು ಬಾಗುವ ಹೋಸ್‌ನ ಮೇಲೆ ನಿಲ್ಲುವುದಿಲ್ಲ. ಇವು ಯಾವುವೂ ಬೇಡ.

ಪ್ರಶ್ನೆ: ಹೋಸ್ ಮತ್ತು ಕ್ಲಿಪ್ ಬದಲಾಯಿಸುವ ಕೆಲಸವನ್ನು ನಾನೇ ಮಾಡಬಹುದೇ? ನನ್ನದು ಪ್ರೀಮಿಯರ್ ಪದ್ಮಿನಿ. ಸ್ಪ್ಯಾನರ್ ಹಿಡಿದು ಅಭ್ಯಾಸವಿದೆ. (ಪುತ್ತೂರು)

ಉತ್ತರ: ಅಭ್ಯಾಸವಿದ್ದರೆ ಮಾಡಬಹುದು, ಆದರೆ ಅವಸರ ಬೇಡ. ರಾತ್ರಿಯಿಡೀ ತಣಿದ ಎಂಜಿನ್, ಬಯಲು ಜಾಗ, ಹಗಲು ಬೆಳಕು, ಈ ಮೂರೂ ಇರಲಿ. ಮೊದಲು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿಡಿ. ಹತ್ತಿರದಲ್ಲಿ ದೇವರ ದೀಪ, ಒಲೆ, ಬೀಡಿ, ಗ್ರೈಂಡರ್ ಯಾವುದೂ ಇರಬಾರದು. ಪೆಟ್ರೋಲ್ ಹಿಡಿಯಲು ಮುಚ್ಚಳವಿರುವ ಲೋಹದ ಡಬ್ಬಿಯನ್ನು ಇಟ್ಟುಕೊಳ್ಳಿ. ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆ ಇರುವ ದಿನವನ್ನೇ ಆರಿಸಿಕೊಂಡರೆ ಕೆಲಸ ಸುಲಭ.

ಹಳೆಯ ಹೋಸನ್ನು ಎಳೆದು ತೆಗೆಯಲು ಹೋಗಬೇಡಿ. ಪಂಪಿನ ಅಥವಾ ಕಾರ್ಬುರೇಟರಿನ ಮೂತಿ ಬಾಗಿದರೆ, ಬಿರುಕು ಬಿಟ್ಟರೆ, ಹತ್ತು ರೂಪಾಯಿಯ ಕೆಲಸ ಸಾವಿರಕ್ಕೆ ಏರುತ್ತದೆ. ಹೋಸ್ ಹೇಗೂ ಎಸೆಯುವಂಥದ್ದು, ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ಬಿಡಿಸಿ. ಆದರೆ ಬ್ಲೇಡು ಲೋಹದ ಮೂತಿಯ ಮೇಲೆ ಗೀರು ಮಾಡಬಾರದು, ಏಕೆಂದರೆ ಉದ್ದುದ್ದಕ್ಕೆ ಬಿದ್ದ ಸಣ್ಣ ಗೀರು ಕೂಡ ಮುಂದೆ ಪೆಟ್ರೋಲಿಗೆ ಕಾಲುವೆಯಾಗುತ್ತದೆ. ಮೂತಿಯ ಮೇಲೆ ತುಕ್ಕು ಹಿಡಿದಿದ್ದರೆ ನಯವಾದ ಎಮರಿ ಕಾಗದದಿಂದ ಸುತ್ತಲೂ ಉಜ್ಜಿ ಒರೆಸಿ. ತುಕ್ಕು ಗುಂಡಿ ಗುಂಡಿಯಾಗಿ ಕೊರೆದಿದ್ದರೆ ಯಾವ ಕ್ಲಿಪ್ಪೂ ಅದನ್ನು ನಿಲ್ಲಿಸದು, ಆ ಪೈಪನ್ನೇ ಬದಲಾಯಿಸಬೇಕು.

ಹೊಸ ಹೋಸ್‌ನ ತುದಿ ನೇರವಾಗಿ ಕತ್ತರಿಸಿರಲಿ. ಲೋಹದ ಮೂತಿಯ ತುದಿಯಲ್ಲಿ ಒಂದು ಉಬ್ಬು ಏಣು ಇರುತ್ತದೆ. ಹೋಸ್ ಅದನ್ನು ದಾಟಿ, ಮೂತಿಯ ಉದ್ದ ಎಷ್ಟು ಬಿಡುತ್ತದೋ ಅಷ್ಟು ಒಳಗೆ ಹೋಗಬೇಕು, ಸಾಧ್ಯವಿದ್ದರೆ 25 ಮಿಲಿಮೀಟರ್. ಕ್ಲಿಪ್ ಕೂರಬೇಕಾದದ್ದು ಆ ಏಣಿನ ಮೇಲಲ್ಲ, ಏಣಿಗೂ ಹೋಸ್‌ನ ತುದಿಗೂ ನಡುವೆ, ತುದಿಯಿಂದ ನಾಲ್ಕೈದು ಮಿಲಿಮೀಟರ್ ಬಿಟ್ಟು. ನಾನು ನೋಡಿದ ಸೋರಿಕೆಗಳಲ್ಲಿ ಏಣಿನ ಮೇಲೆಯೇ ಕೂರಿಸಿದ ಕ್ಲಿಪ್‌ಗಳು ಬಹಳ. ಅಲ್ಲಿ ಬಿಗಿ ಮಾಡಿದರೆ ಗಟ್ಟಿಯಾದಂತೆ ಅನಿಸಿದರೂ ನಡುಕಕ್ಕೆ ಕ್ಲಿಪ್ ಒಂದು ಪಕ್ಕಕ್ಕೆ ಜಾರಿ ಹಿಡಿತ ಕಳೆದುಕೊಳ್ಳುತ್ತದೆ. ಬಿಗಿ ಮಾಡಲು ದೊಡ್ಡ ಸ್ಕ್ರೂಡ್ರೈವರ್ ಬೇಡ. ಸಣ್ಣ ಹಿಡಿಯದನ್ನು ಮೂರು ಬೆರಳುಗಳಲ್ಲಿ ತಿರುಗಿಸಿ ನಿಲ್ಲುವಷ್ಟು ಸಾಕು. ಪಟ್ಟಿಯ ಅಂಚಿನಲ್ಲಿ ರಬ್ಬರ್ ಉಬ್ಬಿ ಹೊರಗೆ ಬಂದರೆ ಹೆಚ್ಚಾಯಿತು ಎಂದರ್ಥ. ಹೋಸ್ ಯಾವುದೇ ಬಿಸಿ ಭಾಗಕ್ಕೆ, ಫ್ಯಾನಿಗೆ, ಚೂಪಾದ ತಗಡಿನ ಅಂಚಿಗೆ ತಾಗದಂತೆ ನೋಡಿ. ಬ್ಯಾಟರಿ ಜೋಡಿಸಿ ಎಂಜಿನ್ ಶುರು ಮಾಡಿದ ಮೇಲೆ ಹದಿನೈದು ನಿಮಿಷ ಪಕ್ಕದಲ್ಲೇ ನಿಂತು ಗಮನಿಸಿ, ಮರುದಿನ ತಣ್ಣಗಿರುವಾಗ ಇನ್ನೊಮ್ಮೆ ಮುಟ್ಟಿ ನೋಡಿ. ಹೊಸ ರಬ್ಬರ್ ಮೊದಲ ಸಲ ಕಾದು ತಣಿದಾಗ ಸ್ವಲ್ಪ ಕೂರುತ್ತದೆ; ಆಗ ಒಂದು ಸಲ, ಒಂದೇ ಒಂದು ಸಲ, ತುಸು ಬಿಗಿ ಮಾಡುವುದು ಸರಿ.

ಅಳತೆಯ ವಿಷಯದಲ್ಲಿಯೂ ಎಚ್ಚರ ಬೇಕು. ಇಂಚಿನ ಲೆಕ್ಕದಲ್ಲಿ ಹುಟ್ಟಿದ ಅಂಬಾಸಡರಿನಂಥ ಕಾರಿನಲ್ಲಿ ಕಾಲು ಇಂಚಿನ ಪೈಪ್ ಎಂದರೆ 6.35 ಮಿಲಿಮೀಟರ್. ಅಂಗಡಿಯಲ್ಲಿ 6 ಮಿಲಿಮೀಟರ್ ಹೋಸ್ ಏರಿಸುವುದು ಕಷ್ಟವೆಂದು 8 ಮಿಲಿಮೀಟರಿನದನ್ನು ಕೊಟ್ಟು ಕ್ಲಿಪ್ಪಿನಲ್ಲಿ ಹಿಸುಕಿ ಸರಿಹೊಂದಿಸುವವರಿದ್ದಾರೆ. ಹಾಗೆ ಹಿಸುಕಿದ ಹೋಸ್ ಒಳಗೆ ಮಡಿಕೆ ಬೀಳುತ್ತದೆ, ಮಡಿಕೆಯ ಉದ್ದಕ್ಕೂ ಸೋರುತ್ತದೆ. ಪದ್ಮಿನಿಯಲ್ಲಿಯೂ ಹಿಂದಿನ ಯಾವ ಕೈ ಯಾವ ಪೈಪ್ ಹಾಕಿದೆಯೋ ಹೇಳಲಾಗದು, ಅಳೆದೇ ಕೊಳ್ಳಿ.

ಪ್ರಶ್ನೆ: 2003ರ ಮಾರುತಿ 800 ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಸಿಂಪಡಿಸುವ ಬಗೆ) ನನ್ನದು. ಕಾರ್ಬುರೇಟರ್ ಕಾರಿಗೆ ಹಾಕುವ ಹೋಸನ್ನೇ ಫಿಲ್ಟರ್ ಬಳಿ ಹಾಕಿದ್ದಾರೆ. ನಡೆಯುತ್ತದೆಯೇ? (ದಾವಣಗೆರೆ)

ಉತ್ತರ: ನಡೆಯುವುದಿಲ್ಲ, ಕೂಡಲೇ ಬದಲಾಯಿಸಿ. ಕಾರ್ಬುರೇಟರ್ ಕಾರಿನ ಮೆಕ್ಯಾನಿಕಲ್ ಪಂಪ್ ಕೊಡುವ ಒತ್ತಡ ಸುಮಾರು 0.2ರಿಂದ 0.35 ಬಾರ್. ಇಂಜೆಕ್ಷನ್ ಕಾರಿನಲ್ಲಿ ಅದು ಸುಮಾರು 2.5ರಿಂದ 3 ಬಾರ್, ಅಂದರೆ ಹತ್ತು ಪಟ್ಟಿನ ಆಸುಪಾಸು. ಕಾರ್ಬುರೇಟರ್ ಕಾರಿನಲ್ಲಿ ಸಡಿಲ ಜಾಯಿಂಟ್ ತೊಟ್ಟಿಕ್ಕುತ್ತದೆ. ಇಂಜೆಕ್ಷನ್ ಕಾರಿನಲ್ಲಿ ಅದೇ ಸಂದು ಮಂಜಿನಂತೆ ಪೆಟ್ರೋಲನ್ನು ಎರಚುತ್ತದೆ. ಹೋಸ್‌ನ ಮೈಮೇಲೆ ಮುದ್ರಿಸಿದ ಗುರುತನ್ನು ಓದಿ. ಎಸ್‌ಎಇ ಜೆ30 ಆರ್7 ಎಂದಿದ್ದರೆ ಅದು ಕಡಿಮೆ ಒತ್ತಡದ್ದು, ಆರ್9 ಎಂದಿದ್ದರೆ ಇಂಜೆಕ್ಷನ್ ಕಾರಿಗೆ ತಕ್ಕದ್ದು. ಏನೂ ಮುದ್ರಿಸಿರದ ಹೋಸನ್ನು ಪೆಟ್ರೋಲಿಗೆ ಕೊಳ್ಳಲೇಬೇಡಿ. ಇನ್ನೊಂದು ಎಚ್ಚರಿಕೆ: ಇಂಜೆಕ್ಷನ್ ಕಾರಿನಲ್ಲಿ ಎಂಜಿನ್ ನಿಲ್ಲಿಸಿದ ಮೇಲೂ ಪೈಪಿನಲ್ಲಿ ಒತ್ತಡ ಉಳಿದಿರುತ್ತದೆ. ಫ್ಯುಯೆಲ್ ಪಂಪಿನ ಫ್ಯೂಸ್ ಅಥವಾ ರಿಲೇ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಒತ್ತಡ ಇಳಿಸದೆ ಕ್ಲಿಪ್ ಬಿಚ್ಚಿದರೆ ಪೆಟ್ರೋಲ್ ಮುಖಕ್ಕೇ ಚಿಮ್ಮುತ್ತದೆ. ಈ ಕಾರಿನ ಕೆಲಸವನ್ನು ತಿಳಿದವರ ಕೈಗೆ ಕೊಡುವುದೇ ಮೇಲು.

ಪ್ರಶ್ನೆ: ಎಥನಾಲ್ ಬೆರೆಸಿದ ಪೆಟ್ರೋಲ್ ಬಂದ ಮೇಲೆ ಹಳೆಯ ಕಾರುಗಳ ಹೋಸ್ ಬೇಗ ಹಾಳಾಗುತ್ತಿವೆ ಎನ್ನುತ್ತಾರೆ. ಇದು ನಿಜವೇ? (ಬೆಂಗಳೂರು)

ಉತ್ತರ: ಹೋಸ್ ಯಾವ ರಬ್ಬರಿನದು ಎಂಬುದರ ಮೇಲೆ ಉತ್ತರ ನಿಂತಿದೆ. ದೇಶದಲ್ಲಿ ಶೇಕಡಾ 20 ಎಥನಾಲ್ ಇರುವ ಇ20 ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಚಾಲನೆ ಸಿಕ್ಕಿದ್ದು ನಿಮ್ಮ ಬೆಂಗಳೂರಿನಲ್ಲಿಯೇ. ಅದೇ ವರ್ಷದ ಏಪ್ರಿಲಿನಿಂದ ತಯಾರಾದ ಕಾರುಗಳ ರಬ್ಬರ್, ಪ್ಲಾಸ್ಟಿಕ್ ಭಾಗಗಳು ಈ ಮಿಶ್ರಣವನ್ನು ತಾಳುವಂತೆ ಇರಬೇಕೆಂಬ ನಿಯಮವಿದೆ. ಅದಕ್ಕಿಂತ ಇಪ್ಪತ್ತು ಮೂವತ್ತು ವರ್ಷ ಹಿಂದಿನ ಕಾರುಗಳು ಎಥನಾಲ್ ಇಲ್ಲದ ಪೆಟ್ರೋಲಿಗೆ ತಯಾರಾದವು. ಅವುಗಳ ಹಳೆಯ ನೈಟ್ರೈಲ್ ರಬ್ಬರ್ ಎಥನಾಲ್ ಮಿಶ್ರಣದಲ್ಲಿ ಉಬ್ಬಿ ಮೆತ್ತಗಾಗುತ್ತದೆ. ಕಾರು ನಿಂತು ಹೋಸ್ ಒಣಗಿದಾಗ ಕುಗ್ಗಿ ಬಿರುಸಾಗುತ್ತದೆ. ಉಬ್ಬಿದಾಗ ಕ್ಲಿಪ್ಪಿನ ಅಂಚು ಒಳಗಿಳಿಯುತ್ತದೆ, ಕುಗ್ಗಿದಾಗ ಅದೇ ಕ್ಲಿಪ್ ಸಡಿಲ. ಎಥನಾಲ್ ನೀರನ್ನು ಎಳೆದುಕೊಳ್ಳುವುದರಿಂದ ಕಬ್ಬಿಣದ ಪೈಪುಗಳ ಒಳಗೆ ತುಕ್ಕು ಕೂಡ ಹೆಚ್ಚುತ್ತದೆ.

ಹಾಗೆಂದು ಗಾಬರಿಯಾಗಬೇಕಿಲ್ಲ. ಒಳಪದರ ಫ್ಲೋರೋ ಇಲಾಸ್ಟೊಮರ್ ಎಂಬ ವಿಶೇಷ ರಬ್ಬರಿನದಾಗಿರುವ ಹೋಸ್ ಎಥನಾಲನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಕಾರ್ಬುರೇಟರ್ ಕಾರಿಗೆ ಒತ್ತಡದ ದೃಷ್ಟಿಯಿಂದ ಆರ್7 ಸಾಕಾದರೂ, ಈ ಕಾರಣಕ್ಕಾಗಿ ಅಂಥ ಒಳಪದರವಿರುವ ಒಳ್ಳೆಯ ಆರ್9 ಹೋಸನ್ನೇ ಹಾಕಿಸಿ ಎಂದು ನಾನು ಹೇಳುತ್ತೇನೆ. ಇಡೀ ಕಾರಿಗೆ ಬೇಕಾಗುವುದು ಹೆಚ್ಚೆಂದರೆ ಎರಡು ಮೂರು ಮೀಟರ್. ಐದು ವರ್ಷಕ್ಕೊಮ್ಮೆ ಬದಲಾಯಿಸಿ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿಯನ್ನು ಹೇಗೂ ಐದು ವರ್ಷಕ್ಕೊಮ್ಮೆ ನವೀಕರಿಸಬೇಕಾಗುತ್ತದೆ, ಆ ವರ್ಷವನ್ನೇ ಗುರುತಿಗೆ ಇಟ್ಟುಕೊಂಡರೆ ಮರೆಯುವುದಿಲ್ಲ.

ಪ್ರಶ್ನೆ: ಘಾಟಿ ಹತ್ತುವಾಗ ನನ್ನ ಪದ್ಮಿನಿ ಮುಗ್ಗರಿಸುತ್ತದೆ. ಪೆಟ್ರೋಲ್ ಎಲ್ಲಿಯೂ ಸೋರುವುದಿಲ್ಲ, ವಾಸನೆಯೂ ಇಲ್ಲ. ಆದರೂ ಒಬ್ಬರು ‘ಹೋಸ್ ಕ್ಲಿಪ್ ನೋಡಿಸಿ’ ಎಂದರು. ಸಂಬಂಧವಿದೆಯೇ? (ಚಿಕ್ಕಮಗಳೂರು)

ಉತ್ತರ: ಇದೆ, ಮತ್ತು ಹೇಳಿದವರು ಬಲ್ಲವರು. ನಿಮ್ಮ ಕಾರಿನ ಪಂಪ್ ಎಂಜಿನ್ನಿನ ಪಕ್ಕದಲ್ಲಿದ್ದು, ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಹೀರಿಕೊಳ್ಳುತ್ತದೆ. ಟ್ಯಾಂಕಿನಿಂದ ಪಂಪಿನವರೆಗಿನ ದಾರಿಯಲ್ಲಿ ಕ್ಲಿಪ್ ಸಡಿಲವಾದರೆ, ಎಂಜಿನ್ ಓಡುವಾಗ ಪೆಟ್ರೋಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಸಮತಟ್ಟು ರಸ್ತೆಯಲ್ಲಿ ಗೊತ್ತಾಗುವುದಿಲ್ಲ, ಏರಿನಲ್ಲಿ ಹೆಚ್ಚು ಪೆಟ್ರೋಲ್ ಬೇಕಾದಾಗ ಸಾಲದೆ ಎಂಜಿನ್ ಮುಗ್ಗರಿಸುತ್ತದೆ. ಇಂಥದೇ ಕಾರಿನಲ್ಲಿ ಚಾರ್ಮಾಡಿ ಘಾಟಿಯ ತಿರುವೊಂದರಲ್ಲಿ ಮನೆಯವರೊಂದಿಗೆ ಎರಡು ಗಂಟೆ ನಿಂತಿದ್ದೇನೆ. ವೇಪರ್ ಲಾಕ್ (ಬಿಸಿಗೆ ಪೈಪಿನೊಳಗೆ ಪೆಟ್ರೋಲ್ ಆವಿಯಾಗಿ ಹರಿವು ಕಟ್ಟುವುದು) ಎಂದುಕೊಂಡು ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಲೇ ಇದ್ದೆ. ಕೊನೆಗೆ ದಾರಿಹೋಕ ಲಾರಿ ಚಾಲಕರೊಬ್ಬರು ಪಾರದರ್ಶಕ ಫಿಲ್ಟರಿನಲ್ಲಿ ಓಡುತ್ತಿದ್ದ ಗಾಳಿಗುಳ್ಳೆಗಳನ್ನು ತೋರಿಸಿ, ಕಾರಿನ ತಳದಲ್ಲಿದ್ದ ಒಂದು ಬಿರುಕು ಹೋಸನ್ನು ಬೆರಳಿನಲ್ಲಿ ಮುಟ್ಟಿಸಿದರು. ಒದ್ದೆ ಬಟ್ಟೆಯಿಂದ ತಣಿದಾಗ ಸರಿಹೋದರೆ ಅದು ವೇಪರ್ ಲಾಕ್. ತಣ್ಣಗಿನ ಎಂಜಿನ್ನಿನಲ್ಲಿಯೂ ಫಿಲ್ಟರಿನಲ್ಲಿ ಗುಳ್ಳೆ ಓಡುತ್ತಿದ್ದರೆ ಗಾಳಿ ಸೇರುತ್ತಿದೆ ಎಂದೇ ತಿಳಿಯಿರಿ. ಬೆಳಿಗ್ಗೆ ಸ್ಟಾರ್ಟರನ್ನು ಬಹಳ ಹೊತ್ತು ತಿರುಗಿಸಬೇಕಾಗಿ ಬರುವುದೂ ಇದರ ಲಕ್ಷಣ, ಏಕೆಂದರೆ ರಾತ್ರಿ ಪೈಪಿನ ಪೆಟ್ರೋಲ್ ಟ್ಯಾಂಕಿಗೆ ಮರಳಿರುತ್ತದೆ.

ಪ್ರಶ್ನೆ: ನಮ್ಮ ಓಮ್ನಿಗೆ ಎಲ್‌ಪಿಜಿ ಕಿಟ್ ಇದೆ. ಗ್ಯಾಸಿನಲ್ಲಿಯೇ ಓಡಿಸುತ್ತೇವೆ, ಆದರೂ ಪೆಟ್ರೋಲ್ ವಾಸನೆ ಬರುತ್ತದೆ. (ಶಿವಮೊಗ್ಗ)

ಉತ್ತರ: ಕಾರ್ಬುರೇಟರ್ ಗಾಡಿಗೆ ಕಿಟ್ ಹಾಕುವಾಗ ಪೆಟ್ರೋಲ್ ಹೋಸನ್ನು ಕತ್ತರಿಸಿ ನಡುವೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ಒಂದು ಸೊಲೆನಾಯ್ಡ್ ವಾಲ್ವ್ ಸೇರಿಸಿರುತ್ತಾರೆ. ಅಲ್ಲಿಗೆ ಎರಡು ಹೊಸ ಜಾಯಿಂಟ್, ಎರಡು ಹೊಸ ಕ್ಲಿಪ್. ಗ್ಯಾಸಿನಲ್ಲಿ ಓಡುವಾಗ ಈ ವಾಲ್ವ್ ಮುಚ್ಚಿದ್ದರೂ ಪಂಪ್ ಒತ್ತುತ್ತಲೇ ಇರುತ್ತದೆ, ಆ ಒತ್ತಡ ವಾಲ್ವಿನ ಹಿಂದಿನ ಕ್ಲಿಪ್ಪಿನ ಮೇಲೆ ಬೀಳುತ್ತದೆ. ಮೊದಲು ಅಲ್ಲಿ ನೋಡಿ. ಓಮ್ನಿಯಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗೆಯೇ ಇರುವುದರಿಂದ ಇದನ್ನು ಒಂದು ದಿನವೂ ಮುಂದೂಡಬೇಡಿ.

ಪ್ರಶ್ನೆ: ಟ್ಯಾಂಕ್ ಪೂರ್ತಿ ತುಂಬಿಸಿದ ದಿನ ಮಾತ್ರ ಹಿಂದಿನ ಸೀಟಿನಲ್ಲಿ ವಾಸನೆ. (ಕಲಬುರಗಿ)

ಉತ್ತರ: ಪೆಟ್ರೋಲ್ ತುಂಬಿಸುವ ಕತ್ತಿನಿಂದ ಟ್ಯಾಂಕಿಗೆ ಹೋಗುವ ದಪ್ಪ ರಬ್ಬರ್ ಹೋಸ್, ಅದರ ಪಕ್ಕದ ಸಣ್ಣ ಗಾಳಿಯ ಹೋಸ್, ಇವುಗಳ ಕ್ಲಿಪ್ ನೋಡಿಸಿ. ಇವು ಟ್ಯಾಂಕಿನ ಮೇಲ್ಮಟ್ಟದಲ್ಲಿರುವುದರಿಂದ ತುಂಬಿದಾಗ ಮಾತ್ರ ಜಿನುಗುತ್ತವೆ. ಪಂಪಿನ ಗನ್ ಒಮ್ಮೆ ತಾನಾಗಿ ನಿಂತ ಮೇಲೆ ಮತ್ತೆ ತುಂಬಿಸಬೇಡಿ ಎಂದು ಬಂಕಿನವರಿಗೆ ಹೇಳಿ.

ಪ್ರಶ್ನೆ: ನಾನು ಕುವೈತ್‌ನಲ್ಲಿದ್ದೇನೆ. ಕುಂದಾಪುರದ ಮನೆಯಲ್ಲಿ ನನ್ನ ಹಳೆಯ ಕಾರು ವರ್ಷಕ್ಕೆ ಹತ್ತು ತಿಂಗಳು ನಿಂತೇ ಇರುತ್ತದೆ. ಊರಿಗೆ ಬಂದು ಓಡಿಸುವ ಮೊದಲು ಏನು ನೋಡಬೇಕು?

ಉತ್ತರ: ಬಂದ ದಿನವೇ ಕೀಲಿ ತಿರುಗಿಸಬೇಡಿ. ಮೊದಲು ಬಾನೆಟ್ ತೆರೆದು, ಕಾರಿನ ತಳವನ್ನೂ ಟಾರ್ಚ್ ಬೆಳಕಿನಲ್ಲಿ ನೋಡಿ, ಪ್ರತಿ ಹೋಸನ್ನೂ ಬೆರಳುಗಳಲ್ಲಿ ಬಾಗಿಸಿ. ಬಾಗಿಸಿದಾಗ ಮೈಮೇಲೆ ಸಣ್ಣ ಬಿರುಕು ತೆರೆದುಕೊಂಡರೆ, ಒಣಕಲಾಗಿ ಕಟಕಟ ಎಂದರೆ, ಅಥವಾ ಮೆತ್ತಗೆ ಅಂಟಂಟಾಗಿದ್ದರೆ ಅದು ಮುಗಿಯಿತು. ಮಳೆಗಾಲದಲ್ಲಿ ಇಲಿಗಳು ಬಾನೆಟ್ಟಿನೊಳಗೆ ಗೂಡು ಮಾಡಿ ಹೋಸ್ ಕಡಿಯುವುದು ಕರಾವಳಿಯಲ್ಲಿ ಸಾಮಾನ್ಯ, ಹಲ್ಲಿನ ಗುರುತು ಹುಡುಕಿ. ಕ್ಲಿಪ್‌ಗಳಲ್ಲಿ ತುಕ್ಕು ಕಂಡರೆ ತಿರುಗಿಸಿ ಪರೀಕ್ಷಿಸುವ ಗೋಜಿಗೆ ಹೋಗದೆ ಬದಲಾಯಿಸಿ. ಇದೆಲ್ಲ ಆದ ಮೇಲೆ, ಇನ್ನೊಬ್ಬರನ್ನು ಸ್ಟೇರಿಂಗಿನಲ್ಲಿ ಕೂರಿಸಿ ಶುರು ಮಾಡಿಸಿ, ನೀವು ಬಾನೆಟ್ ಪಕ್ಕದಲ್ಲಿ ನಿಂತು ಜಾಯಿಂಟುಗಳನ್ನು ಗಮನಿಸಿ.

ಕಾರಿನಲ್ಲಿ ಐಎಸ್‌ಐ ಗುರುತಿನ, ಒಂದು ಕಿಲೋ ತೂಕದ ಎಬಿಸಿ ಪುಡಿಯ ಅಗ್ನಿಶಾಮಕ ಇರಲಿ, ಡಿಕ್ಕಿಯಲ್ಲಲ್ಲ, ಚಾಲಕನ ಕೈಗೆ ಎಟುಕುವಲ್ಲಿ. ನಿಂತೇ ಇರುವ ಕಾರಿನಲ್ಲಿ ಅದರ ಒತ್ತಡದ ಮುಳ್ಳು ಹಸಿರಿನಲ್ಲಿದೆಯೇ ಎಂಬುದನ್ನೂ ನೋಡಬೇಕು. ಓಡಿಸುವಾಗ ಪೆಟ್ರೋಲ್ ವಾಸನೆ ಬಂದರೆ ಮುಂದಿನ ಗ್ಯಾರೇಜಿನವರೆಗೆ ಹೋಗೋಣ ಎನ್ನದೆ ಅಲ್ಲೇ ಪಕ್ಕಕ್ಕೆ ನಿಲ್ಲಿಸಿ, ಇಗ್ನಿಷನ್ ಆರಿಸಿ, ಎಲ್ಲರನ್ನೂ ಇಳಿಸಿ ದೂರ ಕಳಿಸಿ. ಬಾನೆಟ್ಟಿನ ಸಂದಿಯಿಂದ ಹೊಗೆ ಬರುತ್ತಿದ್ದರೆ ಅದನ್ನು ಪೂರ್ತಿ ಎತ್ತಬೇಡಿ, ಗಾಳಿ ನುಗ್ಗಿ ಬೆಂಕಿ ಭುಗಿಲೇಳುತ್ತದೆ. ಲಾಚ್ ಸಡಿಲಿಸಿ, ಆ ಸಂದಿಯಿಂದಲೇ ಪುಡಿಯನ್ನು ಒಳಗೆ ಹಾರಿಸಿ. ನೀರು ಸುರಿಯಬೇಡಿ, ಪೆಟ್ರೋಲ್ ಅದರ ಮೇಲೆ ತೇಲಿ ಬೆಂಕಿಯನ್ನು ಹರಡುತ್ತದೆ. ಮೊದಲ ಡಬ್ಬಿಗೆ ಬೆಂಕಿ ಆರದಿದ್ದರೆ ಕಾರನ್ನು ಬಿಟ್ಟು ದೂರ ಸರಿದು 112ಕ್ಕೆ ಕರೆಮಾಡಿ.